‘ಕ’ಕಾರಕ್ಕೆ ಮೂರು ಸಂಖ್ಯೆ

ಗಣಕಯಂತ್ರವು ಅಕ್ಷರಗಳನ್ನರಿಯದು, ಸಂಖ್ಯೆಗಳನ್ನು ಮಾತ್ರ ಬಲ್ಲುದು. ನಾವು ‘ಕ’ ಎಂದು ಬರೆದು ಯುಟಿಎಫ್-8 ಎಂಬ ಸಂಕೇತಪದ್ಧತಿಯಲ್ಲಿ ಕಡತಕ್ಕೆ ಸೇರಿಸಿದರೆ ಅಲ್ಲಿ ಉಳಿಯುವುವು 224, 178, 149 ಎಂಬ ಮೂರು ಸಂಖ್ಯೆಗಳು. ಅದೇ ಪದ್ಧತಿಯಿಂದ ಓದಿದರೆ ‘ಕ’ ಮರಳಿ ದೊರೆಯುವುದು. ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ವಿಂಡೋಸ್‌ನಲ್ಲಿರುವ 1252ನೆಯ ಸಂಕೇತಪಟ್ಟಿಯಿಂದ ಓದಿದರೆ ಅರ್ಥವಿಲ್ಲದ ಮೂರು ಚಿಹ್ನೆಗಳು ಕಾಣುವುವು. ‘ಏ’ ಅಕ್ಷರದ ಕೊನೆಯ ಸಂಖ್ಯೆ 143; ಇದಕ್ಕೆ ಆ ಪಟ್ಟಿಯಲ್ಲಿ ಚಿಹ್ನೆಯೇ ಇಲ್ಲ. ಆಗ ಪೈಥಾನ್ ದೋಷವನ್ನು ಸಾರಿ ನಿಂತುಬಿಡುತ್ತದೆ. ಇವೆರಡರಲ್ಲಿ ಸದ್ದಿಲ್ಲದ ಮೊದಲನೆಯ ದೋಷವೇ ಹೆಚ್ಚು ಅಪಾಯಕರ.

ಇಂತಹ ಪ್ರಮಾದಕ್ಕೆ ಕಾರಣವೇನು? ಕಡತವನ್ನು ತೆರೆಯುವಾಗ ನಾವು ಪದ್ಧತಿಯನ್ನು ಹೆಸರಿಸದಿದ್ದರೆ, ಪೈಥಾನ್ 3.14ರವರೆಗಿನ ಆವೃತ್ತಿಗಳು ಸಾಮಾನ್ಯವಾಗಿ ಯಂತ್ರದ ಸ್ಥಳೀಯ ರೂಢಿಯನ್ನು ಅನುಸರಿಸುತ್ತವೆ. ಲಿನಕ್ಸ್‌ನಲ್ಲಿ ಆ ರೂಢಿ ಬಹುತೇಕ ಯುಟಿಎಫ್-8. ವಿಂಡೋಸ್‌ನಲ್ಲಿ ಅನೇಕ ವೇಳೆ ಬೇರೆ. ಆದುದರಿಂದ ಒಂದೆಡೆ ಸರಿಯಾಗಿ ನಡೆದ ಕ್ರಮವಿಧಿಯು ಇನ್ನೊಂದೆಡೆ ತಪ್ಪುತ್ತದೆ.

2026ರ ಅಕ್ಟೋಬರಿಗೆ ನಿಗದಿಯಾದ 3.15ನೆಯ ಆವೃತ್ತಿಯು ಈ ಭೇದವನ್ನು ತೊಡೆಯುವುದು. 686ನೆಯ ಸುಧಾರಣಾ ಪ್ರಸ್ತಾವದಂತೆ, ಹೆಸರಿಸದಿದ್ದಾಗ ಎಲ್ಲೆಡೆಯೂ ಯುಟಿಎಫ್-8 ಎಂದೇ ಗ್ರಹಿಸಲಾಗುವುದು. ಕನ್ನಡದಲ್ಲಿ ಬರೆಯುವವರಿಗೆ ಇದು ದೊಡ್ಡ ಅನುಕೂಲ. ಆದರೆ ಹಳೆಯ ಸ್ಥಳೀಯ ಪದ್ಧತಿಯಲ್ಲಿ ಉಳಿದಿರುವ ಕಡತಗಳಿಗೆ ಆ ಪದ್ಧತಿಯನ್ನು ಇನ್ನು ಮುಂದೆ ಹೆಸರಿಸಲೇಬೇಕು.

ಏಕಮಾನವನ್ನು ಬರೆಯದ ಅಳತೆಯನ್ನು ಭೌತಶಾಸ್ತ್ರದಲ್ಲಿ ನಾವು ಒಪ್ಪುವುದಿಲ್ಲ. ಸಂಕೇತಪದ್ಧತಿಯನ್ನು ತಿಳಿಸದ ಕಡತವೂ ಅಂತಹುದೇ. ಹೊಸ ಆವೃತ್ತಿ ಬಂದ ಮೇಲೂ ಅದನ್ನು ಹೆಸರಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳು ಬಿಡದಿರುವುದು ಲೇಸು.