ಗಡ್ಡೆಯ ಗದ್ದೆಗೆ ನೆರೆ ಎಲ್ಲಿಂದ?

ಹಂಪಿಯ ಎದುರಿಗಿರುವ ವಿರೂಪಾಪುರಗಡ್ಡೆ ತುಂಗಭದ್ರೆಯ ಕವಲುಗಳ ನಡುವಿನ ಭತ್ತದ ನೆಲ. ಇಲ್ಲಿನ ರೈತರು ತಲೆಯ ಮೇಲಿನ ಮುಗಿಲು ನೋಡಿ ನೆರೆಯನ್ನು ಅಂದಾಜು ಮಾಡುವಂತಿಲ್ಲ. ಹನಿ ಮಳೆಯಿಲ್ಲದ ದಿನವೂ ಗದ್ದೆಗೆ ಹೊಳೆ ನುಗ್ಗಬಹುದು. ಆ ಮಳೆ ಸುರಿದಿರುವುದು ಮಲೆನಾಡಿನಲ್ಲಿ.

ತುಂಗಾ, ಭದ್ರಾ ನದಿಗಳೆರಡೂ ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗುತ್ತವೆ. ಆದರೆ ಎರಡರ ನಡತೆ ಬೇರೆ. ಭದ್ರೆಗೆ ಲಕ್ಕವಳ್ಳಿಯಲ್ಲಿ 71.5 ಟಿ.ಎಂ.ಸಿ. ಹಿಡಿಯುವ ಜಲಾಶಯವಿದ್ದು, ಅದು ತುಂಬುವವರೆಗೆ ನೆರೆಗೆ ತಡೆಯುಂಟು. ತುಂಗೆಗೆ ಗಾಜನೂರಿನಲ್ಲಿರುವುದು 3 ಟಿ.ಎಂ.ಸಿ. ಚಿಲ್ಲರೆಯ ಸಣ್ಣ ಕಟ್ಟೆ. ಆಗುಂಬೆ ಕಡೆಯ ಮಾಲತಿ ಹೊಳೆ ಉಕ್ಕಿತೆಂದರೆ ಅದು ಬೇಗನೆ ತುಂಬಿ ಹರಿಯುತ್ತದೆ. ಮುಂದೆ ಗಳಗನಾಥದ ಬಳಿ ವರದಾ ನದಿಯೂ ಕೂಡುತ್ತದೆ.

ಗಡ್ಡೆಯ ಮೇಲ್ಗಡೆ ಇರುವ ತುಂಗಭದ್ರಾ ಜಲಾಶಯ ಮೊದಲು ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿತ್ತು. ಹೂಳು ತುಂಬಿ ಅದೀಗ 105ರ ಆಸುಪಾಸಿಗೆ ಇಳಿದಿದೆ. ಜಲಾಶಯ ತುಂಬಿದ ಮೇಲೆ ಬಂದ ನೀರನ್ನೆಲ್ಲ ಕೆಳಗೆ ಬಿಡಲೇಬೇಕು. 2019ರ ಆಗಸ್ಟ್‌ನಲ್ಲಿ ಹಾಗೆ ಬಿಟ್ಟಾಗ ಗಡ್ಡೆಯಲ್ಲಿ ನೂರಾರು ಜನ ಸಿಕ್ಕಿಬಿದ್ದರು. 2024ರ ಆಗಸ್ಟ್‌ನಲ್ಲಂತೂ 19ನೇ ಗೇಟಿನ ಸರಪಳಿಯೇ ಕಡಿಯಿತು.

ಆದ್ದರಿಂದ ರೈತರು ಶಿವಮೊಗ್ಗ ಕಡೆಯ ಮಳೆ ಹಾಗೂ ಜಲಾಶಯದ ಒಳಹರಿವಿನ ಸುದ್ದಿಯನ್ನು ದಿನವೂ ಕೇಳಬೇಕು. ಜಲಾಶಯ ತುಂಬುವ ಮೊದಲೇ ದಡದ ಪಂಪ್‌ಸೆಟ್ಟನ್ನು ಎತ್ತರಕ್ಕೆ ಸಾಗಿಸಬೇಕು. ಎತ್ತರದ ಜಾಗದಲ್ಲಿ ಒಂದಿಷ್ಟು ಹೆಚ್ಚಿನ ಸಸಿಮಡಿ ಇಟ್ಟುಕೊಂಡರೆ ಸತ್ತ ಪೈರಿನ ಜಾಗ ತುಂಬಲು ಅನುಕೂಲ. ನೆರೆ ಇಳಿದ ಕೂಡಲೇ ಯೂರಿಯಾ ಎರಚುವ ಆತುರ ಬೇಡ. ದುಂಡಾಣು ಅಂಗಮಾರಿಗೆ ಅದೇ ದಾರಿ. ಮೊದಲು ನೀರು ಬಸಿದು, ಹೊಸ ಎಲೆ ಮೂಡಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು.