ಅಂಚು ಕಟ್ಟದೆ ಉಳಿದ ಕೌದಿ: ಆಸಾಡಿ ಮಳೆಯಲ್ಲಿ ಮುಗಿಸುವ ಬಗೆ

ಹಳೆ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ತಿಂಗಳುಗಟ್ಟಲೆ ಕೂತು ಕೌದಿ ಹೊಲಿದಿರುತ್ತೀರಿ. ಇನ್ನು ಸುತ್ತಲೂ ಪಟ್ಟಿ ಹಾಕಿ ಅಂಚು ಕಟ್ಟುವುದೊಂದೇ ಬಾಕಿ. ಅಷ್ಟರಲ್ಲಿ ಅದು ಮಡಚಿಕೊಂಡು ಕಪಾಟು ಸೇರುತ್ತದೆ. ಇದಕ್ಕೆ ಸೋಮಾರಿತನ ಕಾರಣ ಎಂದು ನಾನು ಒಪ್ಪುವುದಿಲ್ಲ. ಬಣ್ಣ ಆರಿಸುವ, ತುಂಡು ಹೊಂದಿಸುವ ಖುಷಿಯೆಲ್ಲ ಆಗಲೇ ಮುಗಿದಿರುತ್ತದೆ. ಅಂಚು ಹೊಲಿಯಬೇಕಾದರೆ ಅಷ್ಟು ದೊಡ್ಡ ಕೌದಿಯನ್ನು ಮಡಿಲ ಮೇಲೆ ಹಾಕಿಕೊಂಡು ಕೂರಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಏಪ್ರಿಲ್–ಮೇ ಸೆಖೆಯಲ್ಲಿ ಅದು ಯಾರಿಗಾದರೂ ಬೇಡವೆನಿಸುತ್ತದೆ. ಆದ್ದರಿಂದ ಕೆಲಸವನ್ನು ಕಾಲ ನೋಡಿ ಹಂಚಿಕೊಳ್ಳಿ. ಬಿಸಿಲು ಬೇಕಾದದ್ದು, ಹರಡಿಕೊಂಡು ಮಾಡಬೇಕಾದದ್ದು ಜೂನ್ ಮಳೆಗೆ ಮೊದಲೇ ಆಗಲಿ. ಕೈಹೊಲಿಗೆ ಆಸಾಡಿಗಿರಲಿ.

ಹಂತ 1: ಯಾರಿಗೆ ಕೊಡುವುದೆಂದು ಗೊತ್ತುಮಾಡಿ

ಯಾವಾಗಲಾದರೂ ಮುಗಿಸೋಣ ಎಂದುಕೊಂಡ ಕೌದಿ ಮುಗಿಯುವುದಿಲ್ಲ. ಚೌತಿಗೆ ಬೆಂಗಳೂರಿನಿಂದಲೋ ಮುಂಬೈಯಿಂದಲೋ ಮನೆಗೆ ಬರುವವರು ಇದ್ದೇ ಇರುತ್ತಾರೆ. ಅವರಲ್ಲೊಬ್ಬರಿಗೆ ಈಗಲೇ ಫೋನ್ ಮಾಡಿ, ‘ಈ ಸಲ ಕೌದಿ ತಕಂಡ್ ಹೋಯ್ಕ್’ ಎಂದು ಹೇಳಿಬಿಡಿ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಅದನ್ನು ಹೊದೆಯುವವರು ಯಾರೆಂದು ಗೊತ್ತಿದ್ದರೆ ಕೈ ತಾನಾಗಿ ಸೂಜಿಗೆ ಹೋಗುತ್ತದೆ.

ಹಂತ 2: ಬಿಸಿಲು ಕಾಣಿಸಿ, ಅಂಚು ನೇರ ಮಾಡಿ

ಮೇ ತಿಂಗಳಲ್ಲಿ ಕೌದಿಯನ್ನು ಅಂಗಳದಲ್ಲಿ ಹರಡಿ ಎರಡೂ ಬದಿ ಚೆನ್ನಾಗಿ ಒಣಗಿಸಿ. ತೇವ ಒಳಗೆ ಉಳಿದರೆ ಮಳೆಗಾಲದಲ್ಲಿ ಬೂಸರು ಹಿಡಿಯುತ್ತದೆ. ಆಮೇಲೆ ನೆಲದ ಮೇಲೆ ಹಾಸಿ, ನೆರಿಗೆ ಇಲ್ಲದಂತೆ ಕೈಯಿಂದ ಸವರಿ, ಹೆಚ್ಚುಕಡಿಮೆ ಇರುವ ಅಂಚನ್ನು ನೇರವಾಗಿ ಕತ್ತರಿಸಿ. ಅಂಚಿಗೆ ತೀರ ಹತ್ತಿರ ಸುತ್ತಲೂ ಒಂದು ಕಚ್ಚಾ ಹೊಲಿಗೆ ಹಾಕಿ. ಪದರಗಳು ಜಾರುವುದಿಲ್ಲ, ಎಳೆ ಬಿಚ್ಚುವುದೂ ನಿಲ್ಲುತ್ತದೆ.

ಹಂತ 3: ಪಟ್ಟಿ ಸಿದ್ಧ ಮಾಡಿ

90 ಇಂಚು ಅಗಲ, 100 ಇಂಚು ಉದ್ದದ ಕೌದಿಯ ಸುತ್ತಳತೆ 380 ಇಂಚು. ಮೂಲೆಗೂ ಜೋಡಣೆಗೂ 15 ಇಂಚು ಸೇರಿಸಿದರೆ 395. ಐದೂವರೆ ಮೀಟರ್ ಸೀರೆಯ ಉದ್ದ ಸುಮಾರು 216 ಇಂಚು. ಅಂದರೆ ಒಂದು ಸೀರೆಯಲ್ಲಿ ಉದ್ದಕ್ಕೆ ಎರಡೂವರೆ ಇಂಚು ಅಗಲದ ಎರಡು ಪಟ್ಟಿ ಕತ್ತರಿಸಿಕೊಂಡರೆ ಇಡೀ ಕೌದಿಗೆ ಸಾಕು, ನಡುವೆ ಒಂದೇ ಒಂದು ಜೋಡಣೆ. 45 ಇಂಚು ಪನ್ನದ ಹೊಸ ಬಟ್ಟೆಯಾದರೆ ಮುಕ್ಕಾಲು ಮೀಟರ್ ಸಾಕಾಗುತ್ತದೆ ನಿಜ, ಆದರೆ ಹತ್ತು ತುಂಡು ಜೋಡಿಸಬೇಕು. ಬೇಸರ ಹುಟ್ಟಲು ಅದೇ ಸಾಕು.

ಜಿಐ ಮಾನ್ಯತೆ ಪಡೆದ ನಮ್ಮ ಉಡುಪಿ ಕೈಮಗ್ಗದ ಹತ್ತಿ ಸೀರೆ ಮನೆಯಲ್ಲಿ ಉಟ್ಟು ಹಳತಾಗಿದ್ದರೆ ನಾನು ಅದನ್ನೇ ಆರಿಸುವೆ. ಹಗುರವಾಗಿದ್ದು ಹೇಳಿದಂತೆ ಮಡಿಯುತ್ತದೆ. ನೆಲಕ್ಕೆ ಉಜ್ಜಿ ಸವೆದ ಕೆಳಬದಿ ಬೇಡ, ಸೊಂಟದ ಕಡೆಯ ಮೇಲ್ಬದಿ ತೆಗೆದುಕೊಳ್ಳಿ. ಎರಡು ಹೆಬ್ಬೆರಳಿನ ನಡುವೆ ಜಗ್ಗಿ ನೋಡಿ. ಎಳೆ ಅಗಲಿದರೆ ಆ ಸೀರೆ ಬಿಡಿ, ಏಕೆಂದರೆ ಕೌದಿಯಲ್ಲಿ ಮೊದಲು ಸವೆಯುವುದು ಅಂಚೇ. ಕೆಂಪು, ಮರೂನ್ ಬಣ್ಣವಾದರೆ ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ, ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ.

ಎರಡು ಪಟ್ಟಿಗಳನ್ನು ಓರೆಯಾಗಿ ಜೋಡಿಸಿ. ಬಳಿಕ ಉದ್ದಕ್ಕೆ ಅರ್ಧ ಮಡಚಿ ಇಸ್ತ್ರಿ ಹಾಕಿ. ಕೌದಿ ದಪ್ಪವಾಗಿದ್ದರೆ ಪಟ್ಟಿಯ ಅಗಲ ಮೂರು ಇಂಚು ಇರಲಿ.

ಹಂತ 4: ಮೇಲ್ಬದಿಯ ಹೊಲಿಗೆ

ಮಡಚಿದ ಪಟ್ಟಿಯ ಬಿಚ್ಚು ಬದಿಯನ್ನು ಕೌದಿಯ ಅಂಚಿಗೆ ಸರಿಯಾಗಿ ಕೂರಿಸಿ, ಅಂಚಿನಿಂದ ಕಾಲು ಇಂಚು ಒಳಗೆ ಮಿಷನ್ ಹೊಲಿಗೆ ಹಾಕಿ. ಮೂಲೆಯಿಂದ ಆರಂಭಿಸಬೇಡಿ. ಒಂದು ಬದಿಯ ನಡುವಿನಿಂದ ಶುರುಮಾಡಿ, ಮೊದಲ ಎಂಟು ಇಂಚು ಪಟ್ಟಿಯನ್ನು ಹೊಲಿಯದೆ ಬಿಡಿ. ಮೂಲೆಗೆ ಕಾಲು ಇಂಚು ಇರುವಾಗ ನಿಲ್ಲಿಸಿ ದಾರ ಕತ್ತರಿಸಿ. ಪಟ್ಟಿಯನ್ನು ಓರೆಯಾಗಿ ಮೇಲಕ್ಕೆ ಮಡಚಿ, ಮತ್ತೆ ಮುಂದಿನ ಬದಿಗೆ ನೇರ ಕೆಳಗೆ ಮಡಚಿ, ಅಂಚಿನಿಂದಲೇ ಹೊಲಿಗೆ ಮುಂದುವರಿಸಿ. ಸುತ್ತು ಮುಗಿದಾಗ ಒಂದು ತುದಿಯನ್ನು ಬಿಚ್ಚಿ, ಅದರ ಬಾಯಿ ಒಳಕ್ಕೆ ಮಡಚಿ, ಇನ್ನೊಂದು ತುದಿಯನ್ನು ಅದರೊಳಗೆ ತೂರಿಸಿ ಹೊಲಿದುಬಿಡಿ.

ಮಿಷನ್ ಪಕ್ಕಕ್ಕೊಂದು ಬೆಂಚು ಎಳೆದು ಕೌದಿಯ ಭಾರವನ್ನು ಅದರ ಮೇಲಿಡಿ. ಕೆಳಗೆ ಜೋತುಬಿದ್ದರೆ ಹೊಲಿಗೆ ಸೊಟ್ಟಗಾಗುತ್ತದೆ. ಮಿಷನ್ ಇಲ್ಲದವರು ಪೇಟೆಯ ಟೈಲರ್ ಹತ್ತಿರ ಇಷ್ಟನ್ನು ಮಾಡಿಸಿಕೊಳ್ಳಬಹುದು. ಎರಡೂ ಬದಿ ಅವರಿಂದಲೇ ಹೊಲಿಸಿದರೂ ಅಡ್ಡಿಯಿಲ್ಲ, ಕೌದಿ ನಿಮ್ಮದೇ.

ಹಂತ 5: ಆಸಾಡಿಯ ಕೈಹೊಲಿಗೆ

ಪಟ್ಟಿಯನ್ನು ಹಿಂಬದಿಗೆ ತಿರುಗಿಸಿ ಕೈಯಿಂದ ಹೊಲಿಯುವ ಈ ಹಂತದಲ್ಲೇ ಹೆಚ್ಚಿನವರು ಕೈಬಿಡುವುದು. 380 ಇಂಚು ಎಂದುಕೊಂಡರೆ ಎದೆ ಕುಸಿಯುತ್ತದೆ. ದಾರದ ಲೆಕ್ಕ ಹಿಡಿಯಿರಿ. ಮೊಳದುದ್ದದ ಒಂದು ದಾರ ಹೆಚ್ಚುಕಡಿಮೆ ಒಂದು ಅಡಿ ಅಂಚು ಮುಗಿಸುತ್ತದೆ. ಒಟ್ಟು 32 ದಾರ. ದಿನಕ್ಕೆ ಎರಡಾದರೆ ಹದಿನಾರು ದಿನ. ಆಸಾಡಿ ಹುಟ್ಟುವಾಗ ಕೈಹಾಕಿದರೆ ನಡುನಡುವೆ ಬಿಟ್ಟುಹೋದರೂ ಚೌತಿಯೊಳಗೆ ಮುಗಿಯುತ್ತದೆ. ದಾರ ಇನ್ನೂ ಉದ್ದ ತೆಗೆದರೆ ಬೇಗ ಆಗುತ್ತದೆ ಎಂದುಕೊಳ್ಳಬೇಡಿ, ಅದು ಸಿಕ್ಕಾಗುತ್ತದೆ.

ಬೆಳಿಗ್ಗೆಯೇ ಎರಡು ಸೂಜಿಗೆ ದಾರ ಪೋಣಿಸಿ ಕೌದಿಗೇ ಚುಚ್ಚಿಡಿ. ಸಂಜೆ ಜಡಿಮಳೆ ಹಿಡಿದು ಹೊರಗೆ ಹೋಗುವಂತಿಲ್ಲದಾಗ ಕೌದಿ ಮಡಿಲಲ್ಲಿದ್ದರೆ ಹಿತವೇ ಅನಿಸುತ್ತದೆ. ಮಂದಾರ್ತಿ, ಮಾರಣಕಟ್ಟೆಯ ಯಕ್ಷಗಾನ ಮೇಳಗಳು ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸಿರುತ್ತವೆ. ಮೊಬೈಲಿನಲ್ಲಿ ಒಂದು ತಾಳಮದ್ದಳೆ ಹಾಕಿಕೊಳ್ಳಿ. ಕಣ್ಣಿಗೆ ಕೆಲಸವಿಲ್ಲ, ಮಾತು ಕೇಳಿದರಾಯಿತು. ಅರ್ಥ ಹೇಳುವವರ ವಾದ ಏರುತ್ತಿದ್ದರೆ ಮೂರನೆಯ ದಾರವೂ ಮುಗಿಯುತ್ತದೆ.

ಹೊಲಿಗೆ ಕಾಲು ಇಂಚಿಗೊಂದು ಸಾಕು. ಸೂಜಿ ಹಿಂಬದಿಯ ಬಟ್ಟೆಯಲ್ಲಷ್ಟೇ ಹೋಗಲಿ, ಮುಂಬದಿಗೆ ಬರಬಾರದು. ಮೊದಲು ಉದ್ದದ ಎರಡು ಬದಿ ಮುಗಿಸಿ, ಉಳಿದವು ಚಿಕ್ಕವಾಗಿ ಕಾಣುತ್ತವೆ.

ಹಂತ 6: ಹೆಸರು, ಇಸವಿ

ಹಿಂಬದಿಯ ಒಂದು ಮೂಲೆಯಲ್ಲಿ ನಿಮ್ಮ ಹೆಸರು, ಊರು, ಇಸವಿ ಹೊಲಿಯಿರಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಹಳೆ ಪಂಚೆಯಲ್ಲಿ ಸುತ್ತಿಡಿ.

ಮುಂದಿನ ಕೌದಿಗೆ ಇನ್ನೊಂದು ದಾರಿಯೂ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ತಮ್ಮ ‘ಕವಂದಿ’ಯನ್ನು ಅಂಚಿನಿಂದಲೇ ಆರಂಭಿಸುತ್ತಾರೆ. ಅಂಚು ಒಳಕ್ಕೆ ಮಡಚಿ, ಹಳೆ ಬಟ್ಟೆಯ ತುಂಡುಗಳನ್ನು ಇಡುತ್ತ, ಸುತ್ತು ಸುತ್ತಾಗಿ ಹೊಲಿದು ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ‘ಫುಲಾ’ ಇಡುತ್ತಾರೆ. ಅಲ್ಲಿ ಕೊನೆಗೆ ಅಂಚು ಕಟ್ಟುವ ಕೆಲಸವೇ ಉಳಿಯುವುದಿಲ್ಲ. ಅಂಚಿನ ಹೊತ್ತಿಗೆ ಉತ್ಸಾಹ ಇಳಿದುಹೋಗುವವರು ಹಾಗೊಮ್ಮೆ ಹೊಲಿದು ನೋಡಬೇಕು.