ಎಡೆದೊರೆ ನಾಡಿನಲ್ಲಿ ಯೂರೋಪಿನ ಅಲಗುಗಳು

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿಗಾಗಿ ರಾಜವಂಶಗಳು ಶತಮಾನಗಳ ಪರ್ಯಂತ ಹೋರಾಡಿದುವೆಂಬುದನ್ನು ಎಲ್ಲರೂ ಬಲ್ಲರಾದರೂ, ಇಲ್ಲಿ ಝಳಪಿಸಿದ ಖಡ್ಗಗಳಲ್ಲಿ ಕೆಲವು ಸಾಗರದಾಚೆಯ ಕುಲುಮೆಗಳಲ್ಲಿ ಹುಟ್ಟಿದುವೆಂಬುದು ನನಗೆ ಮನವರಿಕೆಯಾದುದು, ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಹಳೆಯ ಮನೆತನಗಳು ಆಯುಧಪೂಜೆಗೆ ಹೊರತೆಗೆದಿಡುವ ಕತ್ತಿಗಳನ್ನು ವರ್ಷವರ್ಷವೂ ನೋಡುತ್ತ ಬಂದಮೇಲೆಯೇ. 1520ರ ರಾಯಚೂರಿನ ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಕಾದಿದ ಕ್ರಿಸ್ತೊವಾವ್ ದ ಫಿಗೇರೆದೊ ಎಂಬ ಪೋರ್ತುಗೀಸನು ಕುದುರೆಗಳನ್ನು ಮಾರಲು ಬಂದವನೆಂದು ಪೋರ್ತುಗೀಸ್ ಪ್ರವಾಸಿ ನೂನಿಜನು ಬರೆದಿದ್ದಾನೆ. ಪಶ್ಚಿಮದ ಬಂದರುಗಳಿಂದ ಕುದುರೆಗಳಂತೆಯೇ ಯೂರೋಪಿನ ಅಲಗುಗಳೂ ದಖ್ಖನಿಗೆ ಬಂದುವು. ಅವಕ್ಕೆ ಇಲ್ಲಿಯ ಹಿಡಿಯನ್ನು ಕೂಡಿಸಿದ ಖಡ್ಗವೇ ಫಿರಂಗಿ.

ಆದಕಾರಣ ನಾನು ಕಲಿತ ಮೊದಲ ಪಾಠವೆಂದರೆ, ಹಿಡಿಯನ್ನೂ ಅಲಗನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕೆಂಬುದು. ಯೂರೋಪಿನ ಕತ್ತಿಯಲ್ಲಿ ಅಲಗಿನ ಬಾಲವು ಹಿಡಿಯೊಳಗೆ ತೂರಿ ತುದಿಯ ಗುಂಡಿನಾಚೆ ಹೊರಬಂದು ಬಡಿಯಲ್ಪಟ್ಟಿರುವುದು. ನಮ್ಮವರಾದರೋ ಟೊಳ್ಳಾದ ಕಬ್ಬಿಣದ ಹಿಡಿಯೊಳಗೆ ಮೋಟು ಬಾಲವನ್ನಿಟ್ಟು ಕಾಸಿದ ಅರಗಿನಿಂದ ಭದ್ರಪಡಿಸುತ್ತಿದ್ದರು. ಇನ್ನು ಅಲಗಿನಲ್ಲಿ ಜೌಹರು ಎಂಬ ನೀರಲೆಯಂಥ ವಿನ್ಯಾಸ ಕಂಡರೆ ಅದು ಪೂರ್ವದೇಶಗಳ ಮೂಸೆಯುಕ್ಕೆಂದು ಬಹುಮಟ್ಟಿಗೆ ಹೇಳಬಹುದು. ಕಾಣದಿದ್ದ ಮಾತ್ರಕ್ಕೆ ಪರದೇಶದ್ದೆಂದು ನಿರ್ಣಯಿಸಲಾಗದು.

ಅಲಗಿನ ಮೇಲಿನ ತಯಾರಕರ ಮುದ್ರೆಗಳ ವಿಷಯದಲ್ಲಂತೂ ಅತ್ಯಂತ ಜಾಗರೂಕತೆ ಅಗತ್ಯ. ನಾಲ್ಕಾರು ಗೀರುಗಳಲ್ಲಿ ಮೂಡಿದ ಓಡುವ ತೋಳವು ಮೊದಲು ಜರ್ಮನಿಯ ಪಾಸೌ ನಗರದ ಗುರುತಾಗಿದ್ದು, ಬಳಿಕ ಸೋಲಿಂಗೆನ್ನಿನ ಕಮ್ಮಾರರೂ ಅದನ್ನೇ ಬಳಸಿದರು. ಎದುರುಬದುರಾದ ಹಲ್ಲುಳ್ಳ ಅರ್ಧಚಂದ್ರಗಳನ್ನು ಇಟಲಿಯವರಿಂದ ಇತರರೂ, ನಮ್ಮ ಕುಶಲಿಗಳೂ ಅನುಕರಿಸಿದರು. ಹೀಗಿರಲು ಮುದ್ರೆಯು ಒಂದು ಸಾಕ್ಷಿಯೇ ಹೊರತು ತೀರ್ಪಲ್ಲ. ಹಬ್ಬಕ್ಕೆ ಹುಣಿಸೆಹಣ್ಣು, ಇಟ್ಟಿಗೆಪುಡಿಗಳಿಂದ ಅಲಗನ್ನು ಉಜ್ಜಿ ಬೆಳಗುವ ಶ್ರದ್ಧೆಯಲ್ಲಿ ಆ ಸಾಕ್ಷಿಯೂ ಸವೆದುಹೋಗುವುದನ್ನು ಕಂಡು ನನಗೆ ಬಹಳ ಸಂಕಟವಾಗಿದೆ. ಮೆತ್ತನೆಯ ಬಟ್ಟೆಯಿಂದ ಒರಸಿ ತೆಳುವಾಗಿ ಎಣ್ಣೆ ಸವರಿದರೆ ಪೂಜೆಗೆ ಯಾವ ಲೋಪವೂ ಬಾರದು.

ಲಿಂಗಸುಗೂರು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ನಿಜಾಮನ ಸೇನೆಯಾದ ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡುಬಿಟ್ಟಿದ್ದ ಊರಾದುದರಿಂದ, ಈ ಸೀಮೆಯಲ್ಲಿ ಬಾಗಿದ ಅಗಲ ಅಲಗಿನ ಕತ್ತಿ ಕಂಡಾಗಲೆಲ್ಲ 1796ರ ಮಾದರಿಯ ಬ್ರಿಟಿಷ್ ಅಶ್ವದಳದ ಕತ್ತಿಯನ್ನು ನೆನೆಯುತ್ತೇನೆ. ಅದರ ಅಲಗು ತುದಿಯ ಕಡೆಗೆ ಕಿರಿದಾಗದೆ ಅಗಲವಾಗಿಯೇ ಸಾಗುವುದು. ಬೆನ್ನಿನ ಮೇಲೆ ಕೆಲವೊಮ್ಮೆ ತಯಾರಕನ ಹೆಸರಿರುವುದು. ಬ್ರಿಟಿಷ್ ಸೇನಾಧಿಕಾರಿ ಕ್ಯಾಪ್ಟನ್ ನೋಲನ್ನನು 1853ರಲ್ಲಿ ಪ್ರಕಟಿಸಿದ ಅಶ್ವದಳದ ಗ್ರಂಥದಲ್ಲಿ ಹೇಳಿರುವ ವೃತ್ತಾಂತವು ನನ್ನ ದೃಷ್ಟಿಯನ್ನೇ ಬದಲಿಸಿತು: ನಿಜಾಮನ ಕುದುರೆಸವಾರರು ಒಂದು ಕಾಳಗದಲ್ಲಿ ರುಂಡಗಳನ್ನೂ ಕೈಗಳನ್ನೂ ಒಂದೇ ಏಟಿಗೆ ಕತ್ತರಿಸಿದುದನ್ನು ಕೇಳಿ ಬೆರಗಾಗಿ ಆತನು ವಿಚಾರಿಸಲಾಗಿ, ಆ ಕತ್ತಿಗಳು ಬ್ರಿಟಿಷರೇ ಬಳಸಿ ಕಡೆಗಣಿಸಿದ ಹಳೆಯ ಅಲಗುಗಳೆಂದು ತಿಳಿದುಬಂದಿತು. ಉಕ್ಕಿನ ಒರೆಯಲ್ಲಿ ಉಜ್ಜಿ ಮೊಂಡಾಗುತ್ತಿದ್ದ ಅದೇ ಅಲಗಿಗೆ ನಮ್ಮ ಸವಾರರು ತಮ್ಮ ರೀತಿಯ ಹಿಡಿಯನ್ನಿಕ್ಕಿ, ಕ್ಷೌರದ ಕತ್ತಿಯಂತೆ ಸಾಣೆ ಹಿಡಿದು, ಮರದ ಒರೆಯಲ್ಲಿಟ್ಟು, ಕಾಳಗದ ಹೊರತು ಹಿರಿಯುತ್ತಲೇ ಇರಲಿಲ್ಲ.

ಮೂಲದ ಹಿಡಿಯಿಲ್ಲದ ಕತ್ತಿಯನ್ನು ಸಂಗ್ರಾಹಕರು ಸಾಮಾನ್ಯವಾಗಿ ಕೀಳೆಣಿಸುವರಾದರೂ ನಾನು ಅದನ್ನು ಒಪ್ಪೆನು. ಲೋಹದ ಒರೆ ಕಳೆದುಹೋಯಿತೆಂದು ಮನೆಯ ಯಜಮಾನರು ಖೇದಪಟ್ಟಾಗ, ಅಟ್ಟದ ಮೇಲೆ ಹರಿದ ಚರ್ಮದ ಹೊದಿಕೆಯ ಮರದ ಒರೆಯೇನಾದರೂ ಬಿದ್ದಿದೆಯೇ ನೋಡಿರೆಂದು ಮೊದಲು ಕೇಳುತ್ತೇನೆ.